ನಡುಗಡ್ಡೆಯ ಮಠದ ಹೊಸ್ತಿಲು

ಅವ್ವನನ್ನು ನಡುಗಡ್ಡೆಯ ಮಠಕ್ಕೆ ಕರೆದೊಯ್ಯುವ ಮಾತು ಶುರುವಾದದ್ದು ದೀಪಾವಳಿ ಮುಗಿದ ಮೇಲೆ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವಂತಿಲ್ಲ. ಖಾನಾಪುರದಿಂದ ಕೆಳಗೆ ಮಲಪ್ರಭೆ ಎರಡಾಗಿ ಸೀಳಿ ಮತ್ತೆ ಕೂಡಿಕೊಳ್ಳುವ ಜಾಗದಲ್ಲಿ ಒಂದು ಕಲ್ಲಿನ ದಿಬ್ಬವಿದೆ, ಅದರ ಮೇಲೆ ಮಠ. ಹಿಂದೆ ಯಾವುದೋ ಕಾಲದಲ್ಲಿ ಒಬ್ಬ ಸ್ವಾಮಿಗಳು ಮಂದಿಯ ಕಾಟ ಸಾಕಾಗಿ ಹೊಳೆಯ ನಡುವೆ ಹೋಗಿ ಕೂತರಂತೆ. ಅವರು ಐಕ್ಯರಾದ ಮೇಲೆ ಅಲ್ಲೇ ಗದ್ದುಗೆಯಾಯಿತು, ಗದ್ದುಗೆಗೊಂದು ಕಲ್ಲಿನ ಕೋಣೆಯಾಯಿತು, ಕೋಣೆಯ ಸುತ್ತ ಮಠ ಬೆಳೆಯಿತು. ಅವ್ವ ಹುಡುಗಿಯಾಗಿದ್ದಾಗ ಲಿಂಗದೀಕ್ಷೆ ಪಡೆದದ್ದು ಆ ಮಠದಲ್ಲಿ.

ಈ ಸಲ ಶ್ರಾವಣದಲ್ಲಿ ಅವಳ ಇಷ್ಟಲಿಂಗದ ಮೇಲಿನ ಕರಿ ಲೇಪ ಬಿರುಕು ಬಿಟ್ಟಿತು. ಬೆಳಗಾವಿಯ ಖಾಸಬಾಗದಲ್ಲಿ ನಮ್ಮ ಮನೆಯ ಹಿಂದಿನ ಓಣಿಯ ಅಯ್ಯನವರು ಹೊಸ ಲೇಪ ಹಾಕಿಕೊಟ್ಟರು. ಅವ್ವ ಅದನ್ನು ಕೊರಳಿಗೆ ಕಟ್ಟಿಕೊಂಡಳು, ದಿನವೂ ಪೂಜೆ ಮಾಡಿದಳು. ಆದರೂ ಅವಳಿಗೆ ಏನೋ ಕೊರತೆ.

"ಹೊಸಾ ಲಿಂಗ ಆದಂಗ ಆಗೇತಿ," ಎಂದಳು. "ಮೊದಲ ಎಲ್ಲಿ ನನ್ನ ಅಂಗೈಯಾಗ ಬಂತೋ ಅಲ್ಲೇ ಗದ್ದಗಿ ಮುಂದ ಒಮ್ಮೆ ಕುಂತು ಪೂಜಿ ಮಾಡಿ ಬರ್ತೀನಿ. ಈ ಚಳಿಗಾಲ ದಾಟಿದರ ಮುಂದಿನ ವರ್ಷ ಮೊಣಕಾಲು ನನ್ನ ಮಾತ ಕೇಳೂದಿಲ್ಲ."

ಅಪ್ಪ ಹೋದ ಮೇಲೆ ಅವ್ವ ನನ್ನಲ್ಲಿ ಕೇಳಿಕೊಂಡದ್ದು ಇದೊಂದೇ.

ನಾನು ಲಿಂಗ ಕಟ್ಟುವುದನ್ನು ಬಿಟ್ಟದ್ದು ಧಾರವಾಡದಲ್ಲಿ ಎಂ.ಎ. ಓದುವಾಗ. ಬಿಟ್ಟದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಗುರು, ಪವಾಡ, ಐಕ್ಯ ಯಾವುದನ್ನು ಹೇಳಿದರೂ ಸಾಕ್ಷ್ಯ ಕೇಳುವ ಚಟ ನನಗೆ ಅಲ್ಲಿ ಹತ್ತಿತು. ಒಂದು ಕಡೆ ನೆಟ್ಟಗೆ ನಿಂತವನೂ ಅಲ್ಲ. ಕಾಲೇಜಿನ ಮೇಷ್ಟ್ರಗಿರಿ ಬಿಟ್ಟೆ, ಪತ್ರಿಕೆಯ ಕೆಲಸ ಬಿಟ್ಟೆ, ಈಗ ಮನೆಯಲ್ಲಿ ಕೂತು ಬೇರೆಯವರ ಪುಸ್ತಕಗಳನ್ನು ತಿದ್ದುತ್ತೇನೆ. ಆದರೆ ಅವ್ವ ಬೆಳಿಗ್ಗೆ ಸ್ನಾನ ಮಾಡಿ, ಎಡಗೈಯಲ್ಲಿ ಲಿಂಗ ಹಿಡಿದು, ಅದರ ಮೇಲೆ ಕಣ್ಣು ನೆಟ್ಟು ಕೂತಾಗ ನಾನು ಟಿವಿಯ ದನಿ ತಗ್ಗಿಸುತ್ತೇನೆ. ಅದರಲ್ಲಿ ಭಕ್ತಿಯೇನೂ ಇಲ್ಲ. ಒಬ್ಬರು ತಮ್ಮ ಕೆಲಸದಲ್ಲಿರುವಾಗ ಗದ್ದಲ ಮಾಡಬಾರದು, ಅಷ್ಟೆ.

ಯೋಜನೆ ಸರಳವಾಗಿತ್ತು. ಸೋಮವಾರವೇ ಆಗಬೇಕು ಎಂದು ಅವ್ವ. ಬೆಳಿಗ್ಗೆ ಬೇಗ ಹೊರಟು ಖಾನಾಪುರದಲ್ಲಿ ಅಕ್ಕನ ಮನೆಯಲ್ಲಿ ಚಹಾ ಕುಡಿದು, ಅವಳನ್ನೂ ಕೂಡಿಸಿಕೊಂಡು ಹೊಳೆದಂಡೆಗೆ ಹೋಗುವುದು. ಸಜ್ಜಿ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ. ನಾನು ಗಾಡಿಯ ಚಿಂತೆ ಮಾಡುತ್ತಿದ್ದರೆ ಅವ್ವನಿಗೆ ದೋಣಿಯ ಚಿಂತೆ. ಅಡುಗೆಮನೆಯಲ್ಲಿ ಗೋಡೆ ಹಿಡಿದುಕೊಂಡು ಮಣೆಯ ಮೇಲೆ ಕಾಲಿಡುವುದು, ಇಳಿಯುವುದು, ಮತ್ತೆ ಇಡುವುದು. ನಾನು ನೋಡಿದರೆ, "ನೀ ನಿನ್ನ ಕೆಲಸಾ ನೋಡು" ಎಂದು ಗದರುತ್ತಿದ್ದಳು.

ದೋಣಿ ಎಷ್ಟು ಹೊತ್ತಿಗೆ ಬಿಡುತ್ತಾರೆಂದು ಕೇಳಿಬರಲು ಅಕ್ಕ ಹೊಳೆದಂಡೆಗೆ ಹೋದಳು. ಅಲ್ಲಿಂದ ನನ್ನ ಫೋನಿಗೆ ಒಂದು ಚಿತ್ರ ಕಳಿಸಿದಳು. ದೊಡ್ಡ ಫ್ಲೆಕ್ಸ್. ಮೇಲೆ ಮಠದ ಬಣ್ಣದ ಚಿತ್ರ, 'ಪಾರಂಪರಿಕ ತಾಣಕ್ಕೆ ಸ್ವಾಗತ'. ದೋಣಿಯಲ್ಲಿ ಲೈಫ್ ಜಾಕೆಟ್ ಕಡ್ಡಾಯ. ಸೆಲ್ಫಿ ತೆಗೆಯಲು ಹಿಂಬದಿಯಲ್ಲಿ ಪ್ರತ್ಯೇಕ ಕಟ್ಟೆ ಇದೆ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ, 'ಗದ್ದುಗೆಯ ಒಳಕೋಣೆಗೆ ಮಹಿಳೆಯರಿಗೆ ಪ್ರವೇಶವಿಲ್ಲ, ಪರಂಪರೆಯಂತೆ.'

ಆ ಕೊನೆಯ ಪದ ನನ್ನನ್ನು ಕೆರಳಿಸಿದಷ್ಟು ಇತ್ತೀಚೆಗೆ ಯಾವುದೂ ಕೆರಳಿಸಿಲ್ಲ. ಯಾವ ಪರಂಪರೆ? ಹೆಣ್ಣಿಗೂ ಗಂಡಿಗೂ ಒಂದೇ ಬಗೆಯ ಲಿಂಗವನ್ನು ಕೊರಳಿಗೆ ಕಟ್ಟಿದ ಪರಂಪರೆಯೇ? ಸೂತಕ ಇಲ್ಲ, ಮೈಲಿಗೆ ಇಲ್ಲ ಎಂದು ನಮ್ಮ ಅಜ್ಜಿಯರು ಮುಟ್ಟಿನ ದಿನಗಳಲ್ಲೂ ಲಿಂಗ ಬಿಚ್ಚದೆ ಪೂಜೆ ಮಾಡಿಕೊಂಡು ಬಂದ ಪರಂಪರೆಯೇ? ಈ ಧರ್ಮವನ್ನು ನಾನು ನಂಬದಿರಬಹುದು, ಆದರೆ ಅದು ಏನು ಹೇಳಿತ್ತು ಎಂಬುದನ್ನು ನಂಬದವನೂ ಓದಿ ತಿಳಿಯಬಹುದು. ಹೋದ ವರ್ಷ ಆ ಬೋರ್ಡ್ ಇರಲೇ ಇಲ್ಲವೆಂದು ಅಕ್ಕ ಹೇಳಿದಳು. ಮಠದಲ್ಲಿದ್ದ ಹಿರಿಯ ಸ್ವಾಮಿಗಳು ತೀರಿಕೊಂಡ ಮೇಲೆ ಒಂದು ಕಮಿಟಿ ಬಂದಿದೆ, ಕಮಿಟಿ ಬಂದ ಮೇಲೆ ಗೋಡೆಗೆ ಆಯಿಲ್ ಪೇಂಟ್ ಬಂದಿದೆ, ಪೇಂಟಿನ ಹಿಂದೆಯೇ ಪರಂಪರೆಯೂ ಬಂದಿದೆ.

ನನಗೆ ಧೈರ್ಯ ಕೊಟ್ಟದ್ದು ನನ್ನದೇ ನೆನಪು. ನಾನು ಸಣ್ಣವನಿದ್ದಾಗ ಅವ್ವ ನಮ್ಮನ್ನು ಅಲ್ಲಿಗೆ ಕರೆದೊಯ್ದಿದ್ದಳು. ತಗ್ಗಾದ ಕಲ್ಲಿನ ಬಾಗಿಲು, ಬಗ್ಗಿ ಒಳಗೆ ಹೋಗುವ ಅವ್ವ, ಅವಳ ಸೆರಗು ಹಿಡಿದ ನಾನು. ಕಾಲಿಗೆ ತಣ್ಣಗೆ ಹತ್ತುವ ನೆಲ, ಎಣ್ಣೆದೀಪದ ಕಮಟು, ಮೇಲೆ ಪಟಪಟ ಎನ್ನುವ ಬಾವಲಿಗಳು, ಗದ್ದುಗೆಯ ಮುಂದೆ ಅಂಗೈ ಚಾಚಿ ಕೂತ ಅವ್ವ. ಇಷ್ಟು ಸ್ಪಷ್ಟವಾದ ನೆನಪು ನನ್ನ ಬಳಿ ಬೇರೆ ಇಲ್ಲ. ತರಗತಿಗಳಲ್ಲಿ ಇದನ್ನು ಉದಾಹರಣೆಯಾಗಿ ಹೇಳಿದ್ದೇನೆ. ಕ್ಯಾಂಪ್ ಬಡಾವಣೆಯ ಗೆಳೆಯನ ಮನೆಯಲ್ಲಿ ವಾದಕ್ಕೆ ಕೂತಾಗಲೂ ಇದೇ ನನ್ನ ಕೊನೆಯ ಅಸ್ತ್ರ.

ಅಕ್ಕನಿಗೆ ಫೋನ್ ಮಾಡಿದೆ. "ಅವರಿಗೆ ಹೇಳೂಣು. ನಾ ಕಣ್ಣಾರೆ ನೋಡೇನಿ. ಅವ್ವ ಒಳಗ ಹೋಗಿದ್ಲು, ನಾ ಆಕಿ ಸೆರಗ ಹಿಡಕೊಂಡಿದ್ನಿ."

ಅತ್ತ ಕಡೆಯಿಂದ ಅಕ್ಕ ಕೇಳಿದಳು, "ಲೇ ತಮ್ಮಾ, ನೀ ಎಲ್ಲಿದ್ದಿ ಅಲ್ಲಿ? ದೋಣಿ ನೋಡಿ ಹೆದರಿ ಊರ ಕೇಳೂವಂಗ ಹೊಯ್ಕೊಂಡಿ. ಅಪ್ಪ ನಿನ್ನ ದಂಡಿ ಮ್ಯಾಲ ಹಿಡಕೊಂಡು ಕುಂತಿದ್ದ, ಪೇರು ಹಣ್ಣ ತಿನಸಕೋತ. ಸೆರಗ ಹಿಡದಾಕಿ ನಾನು."

"ಸುಳ್ಳು."

"ಸುಳ್ಳಾ? ಮನೀಗೆ ಬಂದ ಮ್ಯಾಲ ನಿನಗ ಕತಿ ಹೇಳಿದಾಕಿ ನಾನ. ಬಾವಲಿ, ದೀಪಾ, ಎಲ್ಲಾ. ನೀ ಅದನ್ನ ನಿಂದ ಮಾಡ್ಕೊಂಡಿ. ನನ್ನ ಪೆನ್ಸಿಲ್ಲೂ ಹಿಂಗ ಮಾಡತಿದ್ದಿ."

"ಹಂಗಾದರ ನೀನ ಸಾಕ್ಷಿ. ಅವ್ವ ಒಳಗ ಹೋಗಿದ್ಲು, ಹೌದಲ್ಲ?"

"ಒಳಗ ಅಂದ್ರ..." ಅಕ್ಕನ ದನಿ ಇಳಿಯಿತು. "ಕತ್ತಲ ಇತ್ತೋ. ಒಳಗಿನ ಕೋಣಿನೋ, ಹೊರಗಿನ ಪಡಸಾಲಿನೋ. ಖರೇ ಹೇಳಬೇಕಂದ್ರ ನಾ ಬಾವಲಿ ನೋಡಕೋತ ನಿಂತಿದ್ನಿ."

ಫೋನ್ ಇಟ್ಟ ಮೇಲೆ ನನಗೆ ಸಿಟ್ಟು ಯಾರ ಮೇಲೆ ಎಂಬುದೇ ಗೊತ್ತಾಗಲಿಲ್ಲ. ಎಲ್ಲರ ಹತ್ತಿರ ಸಾಕ್ಷ್ಯ ಕೇಳುವವನ ಜೇಬಿನಲ್ಲಿದ್ದದ್ದು ಅಕ್ಕ ಹೇಳಿದ ಕಥೆ. ತಣ್ಣನೆಯ ನೆಲ ಈಗಲೂ ನನ್ನ ಅಂಗಾಲಿಗೆ ಹತ್ತುತ್ತದೆ, ಆ ಪೇರಲೆ ಹಣ್ಣಿನ ರುಚಿ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಕ್ಕನೇ ತಪ್ಪು ನೆನಪಿಟ್ಟುಕೊಂಡಿರಬಾರದೇಕೆ? ಇರಬಹುದು. ಆದರೆ ಹಾಗೆಂದು ಸಾಧಿಸಲು ಅಪ್ಪ ಇಲ್ಲ.

ಬೋರ್ಡಿನ ವಿಷಯವನ್ನು ಅವ್ವನಿಗೆ ಹೇಳುವುದು ಬೇಡ, ಮೊದಲು ಕಮಿಟಿಯವರನ್ನು ಕಾಣೋಣ ಎಂದು ಅಕ್ಕನೂ ನಾನೂ ಮಾತಾಡಿಕೊಂಡೆವು. ಕಮಿಟಿಯ ಕಾರ್ಯದರ್ಶಿಗೆ ಖಾನಾಪುರ ಸ್ಟೇಷನ್ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಒಂದು ಗುರುವಾರ ಅವ್ವನನ್ನು ಅಕ್ಕನ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಹೋಗುವುದೆಂದು ಹೊರಟರೆ, ಅವ್ವ ಆಗಲೇ ಚಪ್ಪಲಿ ಮೆಟ್ಟಿ ಗೇಟಿನಲ್ಲಿ ನಿಂತಿದ್ದಳು.

"ನನ್ನ ಗುರುಮನಿ ನೋಡಕೊಳ್ಳೂ ಮನಶ್ಯಾ ಅಂತೀರಿ. ಒಂದು ಶರಣಾರ್ಥಿ ಹೇಳಬಾರದೇನು?"

ಕಾರ್ಯದರ್ಶಿ ನಮ್ಮನ್ನು ನೋಡಿದ ಕೂಡಲೇ ಎದ್ದು ಪೈಪುಗಳ ನಡುವೆ ದಾರಿ ಮಾಡಿಕೊಟ್ಟರು. ಅವ್ವನಿಗಾಗಿ ತಮ್ಮ ಕುರ್ಚಿಯನ್ನೇ ಬಿಟ್ಟರು. "ಬರ್ರಿ ಅವ್ವಾರ, ಕುಂದರ್ರಿ. ಚಾ ತರಸ್ತೀನಿ." ನನಗೆ ಒರಟು ಮನುಷ್ಯ ಬೇಕಾಗಿತ್ತು, ಜಗಳಕ್ಕೆ ಅನುಕೂಲವಾಗುತ್ತಿತ್ತು. ಇವರು ಹಣೆ ತುಂಬ ವಿಭೂತಿ ಹಚ್ಚಿಕೊಂಡ, ಮೆತ್ತಗೆ ಮಾತಾಡುವ ಮನುಷ್ಯ.

ಚಹಾ ಬರುವ ಮೊದಲೇ ನಾನು ಫೋನಿನಲ್ಲಿದ್ದ ಬೋರ್ಡನ್ನು ಪೂರ್ತಿ ಓದಿ ವಿಷಯ ತೆಗೆದೆ. ಅವ್ವ ಅದನ್ನು ಮೊದಲ ಸಲ ಕೇಳಿದ್ದು ಹಾಗೆ, ಆ ಅಂಗಡಿಯಲ್ಲಿ. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

"ಸರ್ರ, ಇದು ನಾವು ಮಾಡಿದ್ದಲ್ಲ," ಎಂದರು ಕಾರ್ಯದರ್ಶಿ. "ನಮ್ಮ ಅಜ್ಜಾರ ಕಾಲದಿಂದನೂ ಹೆಣಮಕ್ಕಳು ಆ ಹೊಸ್ತಲಾ ದಾಟಿಲ್ಲ. ಸ್ವಾಮಿಗಳು ಬ್ರಹ್ಮಚಾರಿ ಇದ್ರು, ಅದಕ್ಕ."

"ಐಕ್ಯ ಆದವರಿಗೆ ಎಂಥಾ ಬ್ರಹ್ಮಚರ್ಯರೀ? ಅದೂ ಇರಲಿ, ನಮ್ಮ ಅವ್ವ ಒಳಗ ಹೋಗ್ಯಾಳ. ನಾ ನೋಡೇನಿ."

"ಯಾವಾಗರೀ?"

"ನಾ ಸಣ್ಣಾವಿದ್ದಾಗ."

"ಹಂಗಲ್ಲ, ಯಾವ ವರ್ಷ? ಆವಾಗ ಮಠದಾಗ ಯಾರಿದ್ರು? ಒಳಗ ಅಂದ್ರ ಒಳಕೋಣಿನೋ, ಪಡಸಾಲಿನೋ? ಭಾಳ ಮಂದಿ ಪಡಸಾಲಿನ ಗದ್ದಗಿ ಅಂತ ತಿಳಕೊಂಡಿರ್ತಾರ."

ನಾನು ಬೇರೆಯವರಿಗೆ ಕೇಳುವ ಪ್ರಶ್ನೆಗಳನ್ನೇ ಅವರು ನನಗೆ ಕೇಳುತ್ತಿದ್ದರು, ಅದೂ ನನಗಿಂತ ಸೌಜನ್ಯದಿಂದ. ಅಕ್ಕನ ಕಡೆ ನೋಡಿದೆ. ಅಕ್ಕ ಗೋಡೆಗೆ ತೂಗುಹಾಕಿದ್ದ ನಳಗಳನ್ನು ನೋಡುತ್ತಿದ್ದಳು.

"ಅವ್ವಾರಿಗೆ ಹಲಸಿ ಊರಿನ ಗುಡಿ ತೋರಸ್ರಿ," ಎಂದರು ಕಾರ್ಯದರ್ಶಿ, ಮಗುವಿಗೆ ಬೇರೆ ಆಟಿಕೆ ಕೊಡುವವರಂತೆ. "ಅದೂ ಹಳೇದ ಐತಿ. ಕದಂಬರ ಕಾಲದ್ದು. ಅಲ್ಲಿ ಎಲ್ಲಾರೂ ಅಡ್ಡಾಡಬಹುದು."

"ನಾ ಹಳೇ ಕಲ್ಲ ನೋಡಾಕ ಬಂದಿಲ್ಲಪ್ಪಾ," ಎಂದಳು ಅವ್ವ. ಸೆರಗಿನ ಒಳಗೆ ಕೈ ಹಾಕಿ ಕೊರಳಲ್ಲಿದ್ದ, ಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಮುಟ್ಟಿ ತೋರಿಸಿ, ಲೇಪದ ಕಥೆಯನ್ನೆಲ್ಲ ಹೇಳಿದಳು.

ಕಾರ್ಯದರ್ಶಿ ನಿಜವಾಗಿಯೂ ಮರುಗಿದರು. ಸ್ವಲ್ಪ ಯೋಚಿಸಿದರು. ಅವರಿಗೆ ದಾರಿ ಹೊಳೆಯಿತು. "ಹಂಗಿದ್ರ ಸುಲಭ ಐತಿ ಅವ್ವಾರ. ನೀವು ಪಡಸಾಲ್ಯಾಗ ಕುಂದರ್ರಿ. ಲಿಂಗಾ ಸರ್ ಕೈಯಾಗ ಕೊಡ್ರಿ. ಸರ್ ಒಳಗ ಹೋಗಿ, ಗದ್ದಗಿ ಮ್ಯಾಲಿಟ್ಟು, ಪೂಜಿ ಮಾಡಿಸಿ ತಂದುಕೊಡ್ತಾರ."

ಅಕ್ಕ "ಅಯ್ಯ!" ಎಂದಳು. ಕೊರಳಿನ ಲಿಂಗವನ್ನು ಗುರುವಲ್ಲದವರ ಕೈಗೆ ಕೊಡುವುದೆಂದರೆ ನಮ್ಮವರಲ್ಲಿ ಊಹಿಸಲೂ ಆಗದ ಮಾತು. ಗುರುವಿನ ಕೈಯಿಂದ ಬಂದದ್ದು ಪ್ರಾಣ ಹೋದರೂ ಮೈಯಿಂದ ಅಗಲಬಾರದು, ಮಣ್ಣು ಮಾಡುವಾಗ ಅಂಗೈಯಲ್ಲೇ ಇಟ್ಟು ಮಾಡುತ್ತಾರೆ. ವಿಭೂತಿಯ ಹಣೆಯ ಈ ಮನುಷ್ಯ ಇಷ್ಟನ್ನು ಮರೆತದ್ದು ಬರೀ ಒಂದು ಹೊಸ್ತಿಲನ್ನು ಕಾಯುವುದಕ್ಕಾಗಿ.

ಅವ್ವ ಸಿಟ್ಟಾಗಲಿಲ್ಲ. ನನ್ನ ಕಡೆ ಬೆರಳು ಮಾಡಿದಳು. "ಇವನ ಕೊಳ್ಳಾಗ ಲಿಂಗ ಐತೇನ ಕೇಳ್ರಿ."

ಕಾರ್ಯದರ್ಶಿ ನನ್ನ ಅಂಗಿಯ ಕಾಲರಿನ ಕಡೆ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ.

"ಕಟ್ಟೂದ ಬಿಟ್ಟು ಎಷ್ಟೋ ವರ್ಷ ಆತು. ದೇವರ ಇಲ್ಲ ಅಂತಾನ. ಇವಾ ಒಳಗ ಹೋಗಬಹುದು?"

"ಅದು... ಗಂಡಸರಿಗೆ ನಾವು ಕೇಳೂದಿಲ್ರೀ ಅವ್ವಾರ."

ನಾನು ಎಷ್ಟು ಪುಸ್ತಕ ಓದಿ ಎಷ್ಟು ವಾದ ಹೂಡಿದ್ದರೂ ಆ ಒಂದು ಸಾಲಿನಷ್ಟು ನೇರವಾಗಿ ಆ ಬೋರ್ಡಿನ ಅರ್ಥವನ್ನು ಬಿಡಿಸಲು ಆಗುತ್ತಿರಲಿಲ್ಲ. ನಾಸ್ತಿಕ ಹೋಗಬಹುದು. ಸಂಜೆಗೆ ಕುಡಿದು ದೋಣಿ ಹತ್ತುವವನೂ ಹೋಗಬಹುದು. ಜೀವಮಾನವಿಡೀ ಲಿಂಗಪೂಜೆ ಮಾಡದೆ ಒಂದು ತುತ್ತು ಬಾಯಿಗಿಡದ ಹೆಂಗಸು ಹೊರಗೆ ಕೂಡಬೇಕು.

ನಾನು ಕೊನೆಯ ಪ್ರಯತ್ನವೆಂಬಂತೆ ಅವ್ವನನ್ನೇ ಕೇಳಿದೆ. "ಯವ್ವಾ, ನೀನ ಹೇಳು. ಆವಾಗ ನೀ ಒಳಗ ಹೋಗಿದ್ದಿ ಇಲ್ಲೋ?"

"ಹೇಳೂದಿಲ್ಲ," ಎಂದಳು ಅವ್ವ.

"ಯಾಕ?"

"ಹೋಗಿದ್ನಿ ಅಂದ್ರ ನೀ ಅದನ್ನ ಹಿಡಕೊಂಡು ಕುಂಡ್ರತಿ. ಹೋಗಿರಲಿಲ್ಲ ಅಂದ್ರ ಇವ್ರು ಹಿಡಕೊಂಡು ಕುಂಡ್ರತಾರ. ಆವಾಗ ಹೋಗಿರಲಿಲ್ಲಂದ್ರ ಈಗ ಹೋಗಬಾರದೇನು? ಹಿಂದಿನ ಮಂದಿ ದೋಣ್ಯಾಗ ಜಾಕೆಟ್ ಹಾಕ್ಕೊಂಡಿದ್ರೇನು?" ಚಹಾದ ಕಪ್ಪು ಕೆಳಗಿಟ್ಟು ಎದ್ದಳು. "ಬರೂ ಸೋಮವಾರ ಬರ್ತೀನಪ್ಪಾ. ಹೊಸ್ತಲದಾಗ ನೀವ ನಿಂದರ್ರಿ. ಆಳುಮಂದೀನ ನಿಲ್ಲಸಬ್ಯಾಡ್ರಿ."

ಬೆಳಗಾವಿಗೆ ಹಿಂತಿರುಗುವಾಗ ನಾನು ದಾರಿಯುದ್ದಕ್ಕೂ ಮಾತಾಡಿದೆ. ಕೋರ್ಟು, ಪತ್ರಿಕೆ, ಮನವಿ, ಏನೇನೋ. ಅವ್ವ ದೇಸೂರು ದಾಟುವ ಹೊತ್ತಿಗೆ ನಿದ್ದೆ ಹೋಗಿದ್ದಳು. ನನಗೆ ಕಾಡುತ್ತಿದ್ದದ್ದು ಬೇರೆ. ಪರಂಪರೆಯೆಂದರೆ ಉರಿದು ಬೀಳುವ ನಾನು ಆ ಅಂಗಡಿಯಲ್ಲಿ ಮಾಡಿದ್ದೇನು? ಅವರದಕ್ಕಿಂತ ಹಳೆಯದೊಂದು ಪರಂಪರೆಯನ್ನು ನನ್ನ ಕುಂಟು ನೆನಪಿನಿಂದ ಎಳೆದು ತರಲು ಒದ್ದಾಡಿದ್ದೆ. ಅದು ಸುಳ್ಳೆಂದು ಸಾಬೀತಾಗಿದ್ದರೆ ಅವ್ವನ ಹಕ್ಕೂ ಸುಳ್ಳಾಗುತ್ತಿತ್ತೇ?

ಮರುದಿನ ಸಂಜೆ ಅವ್ವ ಓಣಿಯ ಹೆಂಗಸರು ವಚನ ಹಾಡಲು ಸೇರುವ ಮನೆಗೆ ಹೋದಳು. ಅಲ್ಲಿ ಏನು ಹೇಳಿದಳೋ ಗೊತ್ತಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಸಣ್ಣ ಗಾಡಿ ಸಾಲೂದಿಲ್ಲ, ಕ್ರೂಸರ್ ಹೇಳು" ಎಂದಳು. ಬೆಳಿಗ್ಗೆಯಿಂದ ಮನೆಯ ಬಾಗಿಲಿಗೆ ಹೆಂಗಸರು ಬರತೊಡಗಿದರು. ರೊಟ್ಟಿ ಯಾರು ತರುವುದು, ಪಲ್ಯ ಯಾರದು, ನೀರಿನ ಕ್ಯಾನ್ ಯಾರ ಮನೆಯದು. ಬಾಜು ಮನೆಯ ಜೈನರ ಅಜ್ಜಿ ಕೂಡ, "ನನಗ ಲಿಂಗ ಇಲ್ಲ, ಖರೇ, ಆದರ ಬಾಗಲಾ ಮುಚ್ಚಿದವರನ್ನ ನೋಡಿ ಬರ್ತೀನಿ" ಎಂದು ಹೆಸರು ಹಚ್ಚಿಸಿದಳು. ಕೊನೆಗೆ ಕ್ರೂಸರ್ ತುಂಬಿ ನನಗೇ ಜಾಗ ಉಳಿಯಲಿಲ್ಲ.

"ನೀ ಬಸ್ಸಿಗೆ ಬಾ," ಎಂದಳು ಅವ್ವ. "ನಿನಗೇನ, ಗಂಡಸ. ಎಲ್ಲಿ ಬೇಕಾದರೂ ಬಿಡ್ತಾರ."

ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಶನಿವಾರ ಕಾರ್ಯದರ್ಶಿಯ ಫೋನ್ ಬಂತು. ಸುದ್ದಿ ಅವರಿಗೆ ಮುಟ್ಟಿತ್ತು. "ಸರ್ರ, ಒಂದು ಅಡಚಣಿ ಆಗೇತಿ. ಗದ್ದಗಿ ಕೋಣಿ ದುರಸ್ತಿಗೆ ತಗೊಂಡೇವಿ. ಕೀಲಿ ಹಾಕೇವಿ. ಈಗ ಗಂಡಸರಿಗೂ ಪ್ರವೇಶ ಇಲ್ಲ. ಭೇದಭಾವ ಅಂತ ಯಾರೂ ಅನ್ನಂಗಿಲ್ಲ ನೋಡ್ರಿ."

"ಏನ್ ದುರಸ್ತಿರೀ?"

"ಹಂಗ... ಒಟ್ಟ ದುರಸ್ತಿ."

"ಯಾವಾಗ ಮುಗೀತೈತಿ?"

"ಅದನ್ನ ಹೇಳಾಕ ಬರೂದಿಲ್ರೀ."

ನಾನು ಕೂಗಾಡಿದೆ. ಓಣಿಯ ಮಂದಿ ಕಿಟಕಿಯಲ್ಲಿ ಇಣುಕುವಷ್ಟು ಕೂಗಾಡಿದೆ. ಒಬ್ಬ ಮುದುಕಿಯನ್ನು ಒಳಗೆ ಬಿಡುವ ಬದಲು ತಮ್ಮ ಗುರುವನ್ನೇ ಬೀಗ ಹಾಕಿ ಕೂಡಿಸಿದ ಭಕ್ತರಿಗೆ ಏನೆನ್ನಬೇಕು? ಫೋನ್ ಇಟ್ಟು ಅವ್ವನಿಗೆ ಹೇಳಿದೆ, ಗಾಡಿ ಬೇಡ ಎಂದುಬಿಡುತ್ತೇನೆ, ಇಂಥವರ ಬಾಗಿಲಿಗೆ ಹೋಗುವ ದರ್ದು ನಮಗಿಲ್ಲ. ಅವ್ವ ಬುತ್ತಿಗೆ ಶೇಂಗಾ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸದೆಯೇ ಹೇಳಿದಳು:

"ದರ್ದು ನನಗೈತಿ. ಅವರಿಗೆ ಫೋನ್ ಹಚ್ಚಿ ಹೇಳು. ದುರಸ್ತಿ ಮುಗಿಯೂತನಕಾ ಸೋಮವಾರಕ್ಕೊಮ್ಮೆ ಬರ್ತೀವಿ, ಕೆಲಸಾ ಎಲ್ಲೀತನ ಬಂತು ನೋಡಾಕ."

ಹೇಳಿದೆ.

ಆ ಸೋಮವಾರ ನಾನು ಬಸ್ಸಿನಲ್ಲಿ ಹೋಗಿ, ಅಕ್ಕನ ಸ್ಕೂಟಿಯ ಹಿಂದೆ ಕೂತು ಹೊಳೆದಂಡೆ ಮುಟ್ಟುವಷ್ಟರಲ್ಲಿ ಅವರೆಲ್ಲ ದಾಟಿಯಾಗಿತ್ತು. ಮುಂದಿನ ದೋಣಿಯಲ್ಲಿ ನಾವು ಹೋದೆವು. ತಗ್ಗಾದ ಕಲ್ಲಿನ ಬಾಗಿಲಿಗೆ ಹೊಚ್ಚಹೊಸ ಕೀಲಿ. ಸುಣ್ಣವಿಲ್ಲ, ಸಿಮೆಂಟಿಲ್ಲ, ಒಬ್ಬ ಕೆಲಸಗಾರನಿಲ್ಲ. ಪಡಸಾಲೆಯ ತುಂಬ ಹೆಂಗಸರು ಬಾಗಿಲಿಗೆ ಮುಖ ಮಾಡಿ, ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದರು. ಅವ್ವ ಹೊಸ್ತಿಲಿಗೆ ಅಂಟಿಕೊಂಡೇ ಕೂತಿದ್ದಳು. ಹಾರ ತಂದಿದ್ದ ನಾಲ್ಕಾರು ಗಂಡಸರು ಕೀಲಿ ನೋಡಿ ಗೊಣಗುತ್ತ ಯಾಕೆಂದು ಕೇಳಿದರು. ಜೈನರ ಅಜ್ಜಿ, "ದುರಸ್ತಿ ಅಂತ್ರೀ. ಕಾರ್ಯದರ್ಶಿಯವರ ಅಂಗಡಿ ಸ್ಟೇಷನ್ ರೋಡಿನ್ಯಾಗ ಐತಿ, ಕೇಳ್ರಿ" ಎಂದು ವಿಳಾಸ ಕೊಡುತ್ತಿದ್ದಳು. ಕೇಳಲು ಹೋದವರಿದ್ದರು ಎಂದು ಅಕ್ಕ ಆಮೇಲೆ ಹೇಳಿದಳು.

ಬಾಗಿಲ ಮುಂದೆ ಪೂಜೆ ಆಯಿತು. ಗದ್ದುಗೆಯ ಮುಂದೆ ಆಗಿಲ್ಲ. ಎಲ್ಲಿ ಕೂತರೂ ಒಂದೇ ಅಲ್ಲವೇ ಎಂದು ಸಮಾಧಾನ ಹೇಳಲು ಬಂದವರಿಗೆ ಅವ್ವ, "ಒಂದ ಅಲ್ಲ" ಎಂದು ಕಡ್ಡಿ ಮುರಿದಂತೆ ಹೇಳುತ್ತಾಳೆ. ನನ್ನ ಅಭಿಪ್ರಾಯವೂ ಅದೇ. ಹೋದ ಸೋಮವಾರವೂ ಕೀಲಿ ಹಾಗೆಯೇ ಇತ್ತು. ಬರುವ ಸೋಮವಾರಕ್ಕೆ ಕ್ರೂಸರ್ ಹೇಳಿಯಾಗಿದೆ.